ಪ್ಲೇ ಆದೇಶ (ಜಿಡಬ್ಲ್ಯು-ಬೇಸಿಕ್)

ಪ್ಲೇ ಎಂಬುದು ಮೈಕ್ರೋಸಾಫ್ಟ್ ಸಂಸ್ಥೆಯ ಜಿಡಬ್ಲ್ಯು-ಬೇಸಿಕ್ ತಂತ್ರಾಂಶದಲ್ಲಿದ್ದ ಒಂದು ಆದೇಶ. ಅಕ್ಷರ ಮತ್ತು ಅಂಕಿಗಳಲ್ಲಿ ಬರೆದ ಸ್ವರಸಾಲನ್ನು ಓದಿ ಗಣಕದ ಒಳಗಿರುವ ಚಿಕ್ಕ ಸ್ಪೀಕರಿನಲ್ಲಿ ನುಡಿಸುವುದು ಇದರ ಕೆಲಸ. ಐಬಿಎಂ ಪಿಸಿಯ 'ಅಡ್ವಾನ್ಸ್ಡ್ ಬೇಸಿಕ್' ಅಥವಾ ಬೇಸಿಕ್‌ಎ ತಂತ್ರಾಂಶದಲ್ಲಿಯೂ, 1991ರಲ್ಲಿ ಎಂಎಸ್-ಡಾಸ್ 5ರ ಜೊತೆಗೆ ಬಂದ ಕ್ಯೂಬೇಸಿಕ್‌ನಲ್ಲಿಯೂ ಇದೇ ಆದೇಶವಿದೆ. ಸ್ವರಗಳನ್ನು ಬರೆಯಲು ಇದು ಬಳಸುವ ಸಂಕೇತಗಳ ಪದ್ಧತಿಗೆ ಮ್ಯೂಸಿಕ್ ಮ್ಯಾಕ್ರೋ ಲ್ಯಾಂಗ್ವೇಜ್ ಎಂಬ ಹೆಸರಿದೆ.

1980 ಮತ್ತು 1990ರ ದಶಕಗಳಲ್ಲಿ ಭಾರತದ ಶಾಲಾ ಕಾಲೇಜುಗಳಲ್ಲಿಯೂ ಖಾಸಗಿ ತರಬೇತಿ ಕೇಂದ್ರಗಳಲ್ಲಿಯೂ ಪ್ರೋಗ್ರಾಮಿಂಗಿನ ಮೊದಲ ಪಾಠವೆಂದರೆ ಸಾಮಾನ್ಯವಾಗಿ ಬೇಸಿಕ್ ಆಗಿತ್ತು. ಧ್ವನಿಗೆಂದು ಬೇರೆ ಯಾವ ಸಾಧನವೂ ಇಲ್ಲದ ಗಣಕದಿಂದ ಒಂದೇ ಸಾಲಿನಲ್ಲಿ ರಾಗವೊಂದನ್ನು ಹೊರಡಿಸಲು ಸಾಧ್ಯವಿದ್ದುದು ಪ್ಲೇ ಆದೇಶದಿಂದ. ಪಾಶ್ಚಾತ್ಯ ಸಂಗೀತದ ಸ್ವರಲಿಪಿಯನ್ನು ಆಧರಿಸಿ ರೂಪುಗೊಂಡ ಈ ಆದೇಶ ಕರ್ನಾಟಕ ಸಂಗೀತದ ತಾಳವನ್ನು ಅಚ್ಚರಿಯಾಗುವಷ್ಟು ಚೆನ್ನಾಗಿ ಹಿಡಿಯುತ್ತದೆ. ಗಮಕವನ್ನು ಮಾತ್ರ ಹಿಡಿಯಲಾರದು.

ಈ ಲೇಖನದಲ್ಲಿ ಆದೇಶದ ಇಂಗ್ಲಿಷ್ ಅಕ್ಷರಗಳನ್ನು ಅವುಗಳ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆಯಲಾಗಿದೆ. ಗಣಕಕ್ಕೆ ಕೊಡುವಾಗ ಅವು ಇಂಗ್ಲಿಷ್ ಅಕ್ಷರಗಳಾಗಿಯೇ, ಉದ್ಧರಣ ಚಿಹ್ನೆಗಳ ಒಳಗೆ ಇರಬೇಕು.

ಧ್ವನಿ ಹುಟ್ಟುವ ಬಗೆ

1981ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಐಬಿಎಂ ಪಿಸಿಯಲ್ಲಿ 4.77 ಮೆಗಾಹರ್ಟ್ಸ್ ವೇಗದ ಇಂಟೆಲ್ 8088 ಸಂಸ್ಕಾರಕವಿತ್ತು. ಅದರ ಜೊತೆಗೆ ಕಾಲವನ್ನು ಎಣಿಸಲೆಂದು ಇಂಟೆಲ್ 8253 ಎಂಬ ಬೇರೊಂದು ಚಿಪ್ ಇತ್ತು. ಈ ಚಿಪ್‌ನಲ್ಲಿ ಮೂರು ಎಣಿಕೆಯ ಘಟಕಗಳಿವೆ. ಒಂದು ಗಣಕದ ಗಡಿಯಾರವನ್ನು ನಡೆಸುತ್ತದೆ, ಇನ್ನೊಂದು ಸ್ಮೃತಿಯನ್ನು ಆಗಾಗ ನವೀಕರಿಸಲು ನೆರವಾಗುತ್ತದೆ, ಮೂರನೆಯದು ಸ್ಪೀಕರಿಗೆ ಜೋಡಿಸಲ್ಪಟ್ಟಿದೆ.

ಚಿಪ್‌ಗೆ ಸೆಕೆಂಡಿಗೆ 11,93,182 ಮಿಡಿತಗಳು ಬರುತ್ತವೆ. ತಂತ್ರಾಂಶವು ಒಂದು ಭಾಜಕವನ್ನು ಕೊಟ್ಟರೆ ಚಿಪ್ ಈ ಸಂಖ್ಯೆಯನ್ನು ಅದರಿಂದ ಭಾಗಿಸಿ, ಬಂದ ಭಾಗಲಬ್ಧದಷ್ಟು ಸಲ ಸ್ಪೀಕರಿನ ಪೊರೆಯನ್ನು ಮುಂದಕ್ಕೂ ಹಿಂದಕ್ಕೂ ತಳ್ಳುತ್ತದೆ. ಭಾಜಕ 4972 ಆದರೆ ಸುಮಾರು 240 ಹರ್ಟ್ಸ್‌ನ ಧ್ವನಿ ಕೇಳಿಸುತ್ತದೆ. ಒಮ್ಮೆ ಭಾಜಕವನ್ನು ಕೊಟ್ಟ ಮೇಲೆ ಮುಖ್ಯ ಸಂಸ್ಕಾರಕ ಬೇರೆ ಕೆಲಸಕ್ಕೆ ಹೋದರೂ ಧ್ವನಿ ನಿಲ್ಲುವುದಿಲ್ಲ.

ಸ್ಪೀಕರಿಗೆ ಸಿಗುವ ವಿದ್ಯುತ್ ಸಂಕೇತಕ್ಕೆ ಎರಡೇ ಸ್ಥಿತಿಗಳು: ಇದೆ ಅಥವಾ ಇಲ್ಲ. ಹೀಗಾಗಿ ಹೊರಡುವುದು ಚೌಕಾಕಾರದ ತರಂಗ, ಕಿವಿಗೆ ತುಸು ಒರಟು. ಧ್ವನಿಯನ್ನು ಏರಿಸುವ ಇಳಿಸುವ ವ್ಯವಸ್ಥೆ ಇಲ್ಲ. ಒಂದು ಸಮಯಕ್ಕೆ ಒಂದೇ ಸ್ವರ. ಆದ್ದರಿಂದ ಹಾಡಿನ ಹಿಂದೆ ಶ್ರುತಿಯನ್ನು ಹಿಡಿಯುವುದೂ ಈ ಗಣಕಕ್ಕೆ ಆಗದ ಮಾತು. ಆ ಕೆಲಸಕ್ಕೆ ಬೆಂಗಳೂರಿನ ರಾಡೆಲ್ ಸಂಸ್ಥೆ ತಯಾರಿಸಿದ ವಿದ್ಯುನ್ಮಾನ ತಂಬೂರಿಯಂಥ ಪ್ರತ್ಯೇಕ ಉಪಕರಣವೇ ಬೇಕಾಗುತ್ತದೆ. ಐಬಿಎಂ ಪಿಸಿ ಜೂನಿಯರ್ ಮತ್ತು ಟ್ಯಾಂಡಿ 1000 ಗಣಕಗಳಲ್ಲಿ ಮೂರು ಸ್ವರಗಳನ್ನು ಒಟ್ಟಿಗೆ ನುಡಿಸುವ ಚಿಪ್ ಇತ್ತು. ಸಾಮಾನ್ಯ ಪಿಸಿಗಳಲ್ಲಿ ಇರಲಿಲ್ಲ.

ಸಂಕೇತಗಳು

ಸ್ವರಗಳನ್ನು ಎ, ಬಿ, ಸಿ, ಡಿ, ಇ, ಎಫ್, ಜಿ ಎಂಬ ಏಳು ಅಕ್ಷರಗಳಿಂದ ಬರೆಯಲಾಗುತ್ತದೆ. ಅಕ್ಷರದ ಮುಂದೆ ಕೂಡಿಸುವ ಚಿಹ್ನೆ ಅಥವಾ # ಚಿಹ್ನೆ ಹಾಕಿದರೆ ಸ್ವರ ಅರ್ಧ ಮೆಟ್ಟಿಲು ಏರುತ್ತದೆ, ಕಳೆಯುವ ಚಿಹ್ನೆ ಹಾಕಿದರೆ ಅರ್ಧ ಮೆಟ್ಟಿಲು ಇಳಿಯುತ್ತದೆ. ಓ ಎಂಬ ಅಕ್ಷರದ ಮುಂದೆ 0ಯಿಂದ 6ರವರೆಗಿನ ಅಂಕಿ ಬರೆದು ಸ್ಥಾಯಿಯನ್ನು ಗೊತ್ತುಮಾಡಬಹುದು. ಏನನ್ನೂ ಹೇಳದಿದ್ದರೆ 4ನೆಯ ಸ್ಥಾಯಿ. > ಚಿಹ್ನೆ ಒಂದು ಸ್ಥಾಯಿ ಮೇಲಕ್ಕೂ < ಚಿಹ್ನೆ ಒಂದು ಸ್ಥಾಯಿ ಕೆಳಕ್ಕೂ ಒಯ್ಯುತ್ತದೆ. ಮತ್ತೆ ಬದಲಿಸುವವರೆಗೆ ಅದೇ ಸ್ಥಾಯಿ ಮುಂದುವರಿಯುತ್ತದೆ. ಏಳು ಸ್ಥಾಯಿಗಳಲ್ಲಿ ತಲಾ ಹನ್ನೆರಡರಂತೆ ಒಟ್ಟು 84 ಸ್ವರಗಳು. ಇವನ್ನು ಎನ್ ಅಕ್ಷರದ ಮುಂದೆ 1ರಿಂದ 84ರವರೆಗಿನ ಸಂಖ್ಯೆಯಿಂದಲೂ ಕರೆಯಬಹುದು.

ಎಲ್ ಅಕ್ಷರ ಸ್ವರದ ಅವಧಿಯನ್ನು ಹೇಳುತ್ತದೆ. ಎಲ್1 ಎಂದರೆ ಪೂರ್ಣ ಅವಧಿ, ಎಲ್4 ಅದರ ಕಾಲು ಭಾಗ, ಎಲ್8 ಎಂಟನೆಯ ಒಂದು ಭಾಗ, ಹೀಗೆ 64ರವರೆಗೆ. ಅವಧಿ ಒಂದೇ ಸ್ವರಕ್ಕೆ ಬೇಕಿದ್ದರೆ ಅಂಕಿಯನ್ನು ಆ ಸ್ವರದ ಮುಂದೆಯೇ ಬರೆಯುತ್ತಾರೆ. ಸ್ವರದ ಮುಂದೆ ಒಂದು ಚುಕ್ಕೆ ಇಟ್ಟರೆ ಅದರ ಅವಧಿ ಒಂದೂವರೆ ಪಟ್ಟು ಆಗುತ್ತದೆ. ಪಿ ಅಕ್ಷರ ಮೌನವನ್ನು ಸೂಚಿಸುತ್ತದೆ. ಟಿ ಅಕ್ಷರದ ಮುಂದಿನ ಸಂಖ್ಯೆ ನಿಮಿಷಕ್ಕೆ ಎಷ್ಟು ಕಾಲುಭಾಗದ ಸ್ವರಗಳು ಎಂಬುದನ್ನು ಹೇಳುತ್ತದೆ. ಅದು 32ರಿಂದ 255ರವರೆಗೆ ಇರಬಹುದು, ಹೇಳದಿದ್ದರೆ 120.

ಎಂ ಅಕ್ಷರ ಒಂಟಿಯಾಗಿ ಬರುವುದಿಲ್ಲ. ಎಂಎನ್ ಎಂದರೆ ಸ್ವರ ತನ್ನ ಅವಧಿಯ ಎಂಟರಲ್ಲಿ ಏಳು ಭಾಗ ನುಡಿದು ಉಳಿದ ಭಾಗ ಮೌನವಾಗಿರುತ್ತದೆ. ಎಂಎಲ್ ಎಂದರೆ ಅವಧಿ ಪೂರ್ತಿ ನುಡಿಯುತ್ತದೆ, ಎಂಎಸ್ ಎಂದರೆ ಮುಕ್ಕಾಲು ಭಾಗ ಮಾತ್ರ. ಎಂಎಫ್ ಇದ್ದಾಗ ಸಂಗೀತ ಮುಗಿಯುವವರೆಗೆ ಪ್ರೋಗ್ರಾಮು ಕಾಯುತ್ತದೆ. ಎಂಬಿ ಇದ್ದಾಗ ಸಂಗೀತ ಹಿನ್ನೆಲೆಯಲ್ಲಿ ನಡೆಯುತ್ತಿರುವಾಗಲೇ ಪ್ರೋಗ್ರಾಮು ಮುಂದಕ್ಕೆ ಹೋಗುತ್ತದೆ. ಹಿನ್ನೆಲೆಯ ಸರತಿಯಲ್ಲಿ 32 ಸ್ವರಗಳಿಗೆ ಮಾತ್ರ ಜಾಗವಿದೆ. ಸರತಿ ಬರಿದಾಗುತ್ತಾ ಬಂದಾಗ ಎಚ್ಚರಿಸಿ ಮತ್ತಷ್ಟು ಸ್ವರಗಳನ್ನು ತುಂಬಲು 'ಆನ್ ಪ್ಲೇ' ಎಂಬ ಬೇರೆ ಆದೇಶವಿದೆ. ಆ ಕಾಲದ ಆಟಗಳಿಗೆ ಇದು ಬಹಳ ಉಪಯುಕ್ತವಾಗಿತ್ತು.

ಒಂದು ಸ್ವರಸಾಲಿನಲ್ಲಿ 255 ಅಕ್ಷರಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ, ಏಕೆಂದರೆ ಜಿಡಬ್ಲ್ಯು-ಬೇಸಿಕ್‌ನ ಯಾವ ಅಕ್ಷರಮಾಲೆಗೂ ಅದೇ ಮಿತಿ. ಉದ್ದದ ರಚನೆಗಳನ್ನು ತುಂಡುಗಳಾಗಿ ಬೇರೆ ಬೇರೆ ಹೆಸರಿನಲ್ಲಿ ಇಟ್ಟುಕೊಂಡು ಎಕ್ಸ್ ಅಕ್ಷರದ ಮೂಲಕ ಕರೆಯಬಹುದು. ಕೃತಿಯೊಂದರ ಪಲ್ಲವಿಯನ್ನು ಒಮ್ಮೆ ಬರೆದಿಟ್ಟು ಅನುಪಲ್ಲವಿ, ಚರಣಗಳ ನಂತರ ಮತ್ತೆ ಮತ್ತೆ ಕರೆಯಲು ಇದು ಸಹಜವಾಗಿ ಒದಗುತ್ತದೆ.

ಸರಳೆ ವರಸೆಯ ಉದಾಹರಣೆ

ಕರ್ನಾಟಕ ಸಂಗೀತದ ಆರಂಭದ ಪಾಠಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಕಲಿಸುವ ಕ್ರಮವನ್ನು ಪರಂಪರೆಯು ಪುರಂದರದಾಸರಿಗೆ ಸಲ್ಲಿಸುತ್ತದೆ. ಇದು 15ನೆಯ ಮೇಳಕರ್ತ ರಾಗ. ಷಡ್ಜ ಪಂಚಮಗಳಲ್ಲದೆ ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ ಮತ್ತು ಕಾಕಲಿ ನಿಷಾದಗಳು ಇದರ ಸ್ವರಗಳು. ಸಿ ಅಕ್ಷರವನ್ನು ಷಡ್ಜವೆಂದು ಇಟ್ಟುಕೊಂಡರೆ ಮೊದಲ ಸರಳೆ ವರಸೆಯ ಆರೋಹಣ ಹೀಗಾಗುತ್ತದೆ:

ಟಿ60 ಎಂಎನ್ ಓ2 ಎಲ್4 ಸಿ ಡಿ- ಇ ಎಫ್ ಜಿ ಎ- ಬಿ >ಸಿ

ಅವರೋಹಣ: ಸಿ <ಬಿ ಎ- ಜಿ ಎಫ್ ಇ ಡಿ- ಸಿ

ಟಿ60 ಎಂದಿರುವುದರಿಂದ ಕಾಲುಭಾಗದ ಪ್ರತಿ ಸ್ವರಕ್ಕೆ ಒಂದು ಸೆಕೆಂಡು. ಎಂಟು ಅಕ್ಷರಗಳ ಆದಿತಾಳದ ಒಂದು ಆವರ್ತ ಎಂಟು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಎರಡನೆಯ ಕಾಲಕ್ಕೆ ಎಲ್4 ಇದ್ದಲ್ಲಿ ಎಲ್8, ಮೂರನೆಯ ಕಾಲಕ್ಕೆ ಎಲ್16 ಎಂದು ಬದಲಿಸಿದರೆ ಸಾಕು. ಟಿ ಸಂಖ್ಯೆಯನ್ನು ಮುಟ್ಟಬಾರದು. ಕೈಯ ತಾಳ ಹಾಗೆಯೇ ಇದ್ದು ಸ್ವರಗಳು ಮಾತ್ರ ಇಮ್ಮಡಿಯಾಗುವ ಮೂರು ಕಾಲದ ಅಭ್ಯಾಸಕ್ಕೂ ಈ ಬರವಣಿಗೆಗೂ ಸ್ವಲ್ಪವೂ ವ್ಯತ್ಯಾಸವಿಲ್ಲ.

ನಡೆಗಳ ವಿಷಯ ಇನ್ನೂ ಸ್ವಾರಸ್ಯಕರವಾಗಿದೆ. ಎಲ್ ಅಕ್ಷರದ ಮುಂದೆ 2, 4, 8, 16 ಎಂಬ ಇಮ್ಮಡಿ ಸಂಖ್ಯೆಗಳನ್ನೇ ಬರೆಯಬೇಕೆಂಬ ನಿಯಮವಿಲ್ಲ, 1ರಿಂದ 64ರವರೆಗಿನ ಯಾವ ಪೂರ್ಣಾಂಕವೂ ನಡೆಯುತ್ತದೆ. ತಾಳದ ಒಂದು ಅಕ್ಷರಕಾಲ ಎಲ್4 ಆದರೆ ಅದನ್ನು ಮೂರಾಗಿ ಒಡೆಯುವ ತಿಶ್ರ ನಡೆಗೆ ಎಲ್12, ಐದಾಗಿ ಒಡೆಯುವ ಖಂಡಕ್ಕೆ ಎಲ್20, ಏಳರ ಮಿಶ್ರಕ್ಕೆ ಎಲ್28, ಒಂಬತ್ತರ ಸಂಕೀರ್ಣಕ್ಕೆ ಎಲ್36. ಪಂಚನಡೆಗಳೂ ಮಿತಿಯೊಳಗೆ ಬರುತ್ತವೆ. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಐದು ಅಥವಾ ಏಳರ ಗುಂಪನ್ನು ಬರೆಯಲು ತಲೆಯ ಮೇಲೆ ವಿಶೇಷ ಗುರುತು ಬೇಕು. ಇಲ್ಲಿ ಬರಿಯ ಗುಣಾಕಾರ ಸಾಕು.

ಸ್ವರವನ್ನು ಎಳೆದು ಹಿಡಿಯುವ ಕಾರ್ವೆಗೆ ಸ್ವಲ್ಪ ಉಪಾಯ ಬೇಕಾಗುತ್ತದೆ. ಎಲ್8ರ ಲೆಕ್ಕದಲ್ಲಿ ಮೂರು ಅಕ್ಷರಗಳ ಕಾರ್ವೆಯನ್ನು ಸಿ4 ಎಂದು ಬರೆದು ಮುಂದೆ ಚುಕ್ಕೆ ಇಟ್ಟು ತೋರಿಸಬಹುದು. ಐದು ಅಕ್ಷರಗಳಿಗೆ ಒಂದೇ ಗುರುತು ಇಲ್ಲ. ಎರಡು ಸ್ವರಗಳನ್ನು ಬೆಸೆಯುವ ಸಂಕೇತವೂ ಈ ಭಾಷೆಯಲ್ಲಿಲ್ಲ. ಆದರೆ ಎಂಎಲ್ ಸ್ಥಿತಿಯಲ್ಲಿ ಸಿ2 ಸಿ8 ಎಂದು ಬರೆದರೆ ನಡುವೆ ಮೌನವಿಲ್ಲದ್ದರಿಂದ ಅವು ಒಂದೇ ದೀರ್ಘ ಸ್ವರವಾಗಿ ಕೇಳುತ್ತವೆ.

ಇದೇ ಗುಣ ಬೇರೆ ಕಡೆ ತೊಡಕಾಗುತ್ತದೆ. ಮೇಲಿನ ಉದಾಹರಣೆಯನ್ನು ಎಂಎಲ್‌ನಲ್ಲಿ ನುಡಿಸಿದರೆ ಆರೋಹಣದ ಕೊನೆಯ ತಾರಷಡ್ಜವೂ ಅವರೋಹಣದ ಮೊದಲ ತಾರಷಡ್ಜವೂ ಬೆರೆತು ಒಂದಾಗುತ್ತವೆ. ಜಂಟಿ ವರಸೆಯಲ್ಲಿ ಜಂಟಿಯೇ ಮಾಯವಾಗಿ 'ಸಸ ರಿರಿ ಗಗ' ಎಂಬುದು ನಿಧಾನವಾದ 'ಸ ರಿ ಗ' ಆಗಿಬಿಡುತ್ತದೆ. ಎಂಎನ್‌ಗೆ ಬಂದರೆ ಸ್ವರಗಳು ಬಿಡಿಬಿಡಿಯಾಗುತ್ತವೆ, ಆದರೆ ಎಲ್ಲ ಸ್ವರಗಳ ನಡುವೆಯೂ ಒಂದೇ ಅಳತೆಯ ಕಡಿತ ಬೀಳುತ್ತದೆ. ಗಾಯಕರಾಗಲಿ ವೈಣಿಕರಾಗಲಿ ಜಂಟಿಯ ಎರಡನೆಯ ಸ್ವರವನ್ನು ಪ್ರತ್ಯೇಕಿಸುವುದು ಮೌನದಿಂದಲ್ಲ, ಅದರ ಕೆಳಗಿನ ಸ್ವರವನ್ನು ಕ್ಷಣಮಾತ್ರ ಮುಟ್ಟಿ ಕೊಡುವ ಒತ್ತಿನಿಂದ. ಸ್ಫುರಿತವೆಂಬ ಈ ಗಮಕವನ್ನು ಪ್ಲೇ ಆದೇಶದಲ್ಲಿ ಅಣಕಿಸಬೇಕಾದರೆ ಎರಡನೆಯ ಸ್ವರದ ಅವಧಿಯಿಂದ ಕೊಂಚ ಕದ್ದು ಕೆಳಸ್ವರವನ್ನು ಎಲ್64ರಲ್ಲಿ ತೂರಿಸಬೇಕು.

ಹೊಸದಾಗಿ ಬಳಸುವವರು ಬೀಳುವ ಇನ್ನೊಂದು ಗೊಂದಲವಿದೆ. ಸರಿಗಮಪದನಿ ಸ್ವರಗಳನ್ನು ಇಂಗ್ಲಿಷಿನ ಮೊದಲಕ್ಷರಗಳಿಂದ ನೇರವಾಗಿ ಬರೆದರೆ ಷಡ್ಜದ ಎಸ್ ಅಕ್ಷರವೇ ತಂತ್ರಾಂಶಕ್ಕೆ ತಿಳಿಯದೆ 'ಇಲ್ಲೀಗಲ್ ಫಂಕ್ಷನ್ ಕಾಲ್' ಎಂಬ ದೋಷಸಂದೇಶ ಬರುತ್ತದೆ. ಗಾಂಧಾರದ ಜಿ ಮತ್ತು ಧೈವತದ ಡಿ ಬೇರೆಯೇ ಸ್ವರಗಳಾಗಿ ನುಡಿಯುತ್ತವೆ. ಪಂಚಮದ ಪಿ ಮೌನದ ಸಂಕೇತ, ನಿಷಾದದ ಎನ್ ಸ್ವರಸಂಖ್ಯೆಯ ಸಂಕೇತ. ಆದ್ದರಿಂದ ಸರಿಗಮದಲ್ಲಿ ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಓದಿ, ರಾಗಕ್ಕೆ ತಕ್ಕ ಪಟ್ಟಿಯ ನೆರವಿನಿಂದ ಪ್ಲೇ ಸಂಕೇತಕ್ಕೆ ಬದಲಿಸುವ ಸಣ್ಣ ಪ್ರೋಗ್ರಾಮನ್ನು ಮೊದಲು ಬರೆದುಕೊಳ್ಳುವುದು ಲೇಸು. ಬೇಸಿಕ್ ಕಲಿಯುವವರಿಗೆ ಅಕ್ಷರಮಾಲೆಗಳ ಅಭ್ಯಾಸವಾಗಿಯೂ ಅದು ಚೆನ್ನಾಗಿ ಒದಗುತ್ತದೆ.

ಶ್ರುತಿ ಮತ್ತು ಸೌಂಡ್ ಆದೇಶ

ಪ್ಲೇ ಆದೇಶದ ಹನ್ನೆರಡು ಸ್ವರಗಳು ಪಿಯಾನೋದಂತೆ ಸಮವಿಭಾಗದವು. ಪ್ರತಿ ಸ್ವರದ ಕಂಪನಸಂಖ್ಯೆ ಹಿಂದಿನದರ ಸುಮಾರು 1.0595 ಪಟ್ಟು. ತಂಬೂರಿಯ ಶ್ರುತಿಗೆ ಸೇರಿಸಿ ಹಾಡುವ ಸ್ವರಗಳು ಸರಳ ಅನುಪಾತಗಳ ಕಡೆಗೆ ವಾಲುತ್ತವೆ. ಪಂಚಮ ಷಡ್ಜದ ಒಂದೂವರೆ ಪಟ್ಟು, ಅಂತರ ಗಾಂಧಾರ ಒಂದೂಕಾಲು ಪಟ್ಟು. ಪಂಚಮದಲ್ಲಿ ಎರಡು ಪದ್ಧತಿಗಳ ಅಂತರ ಗಮನಕ್ಕೆ ಬಾರದಷ್ಟು ಚಿಕ್ಕದು. ಗಾಂಧಾರದಲ್ಲಿ ಹಾಗಲ್ಲ. ಷಡ್ಜ 240 ಹರ್ಟ್ಸ್ ಆದಾಗ ಅನುಪಾತದ ಗಾಂಧಾರ 300, ಸಮವಿಭಾಗದ ಗಾಂಧಾರ ಸುಮಾರು 302.4. ಶ್ರುತಿ ಕೇಳಿ ಪಳಗಿದ ಕಿವಿಗೆ ಇದು ಏರಿದ ಗಾಂಧಾರವಾಗಿ ತೋರುತ್ತದೆ.

ಇದಕ್ಕೆ ಪರಿಹಾರ ಸೌಂಡ್ ಎಂಬ ಮತ್ತೊಂದು ಆದೇಶದಲ್ಲಿದೆ. ಸ್ವರದ ಹೆಸರಿನ ಬದಲು ಕಂಪನಸಂಖ್ಯೆಯನ್ನೇ, 37ರಿಂದ 32,767 ಹರ್ಟ್ಸ್‌ವರೆಗೆ, ಅದಕ್ಕೆ ಕೊಡಬಹುದು. 240ರ ಷಡ್ಜಕ್ಕೆ ಮಾಯಾಮಾಳವಗೌಳದ ಸ್ವರಗಳು ಅನುಕ್ರಮವಾಗಿ 256, 300, 320, 360, 384, 450 ಮತ್ತು 480 ಆಗುತ್ತವೆ. ಎಲ್ಲವೂ ಪೂರ್ಣಾಂಕಗಳಾಗುವುದರಿಂದ ಅಭ್ಯಾಸಕ್ಕೆ ಈ ಶ್ರುತಿ ಅನುಕೂಲ. ಸೌಂಡ್ ಆದೇಶದಲ್ಲಿ ಅವಧಿಯನ್ನು ಗಣಕದ ಗಡಿಯಾರದ ಮಿಡಿತಗಳಲ್ಲಿ ಹೇಳಬೇಕು. ಸೆಕೆಂಡಿಗೆ 18.2 ಮಿಡಿತಗಳು.

ಗಮಕದ ಪ್ರಶ್ನೆ

ಹನುಮತೋಡಿ ರಾಗದ ಸ್ವರಗಳನ್ನು ಪ್ಲೇ ಆದೇಶದಲ್ಲಿ ಬರೆಯುವುದು ಸುಲಭ: ಸಿ ಡಿ- ಇ- ಎಫ್ ಜಿ ಎ- ಬಿ-. ಗಣಕ ಅದನ್ನು ತಪ್ಪಿಲ್ಲದೆ ನುಡಿಸುತ್ತದೆ. ಆದರೆ ಕೇಳಿದವರಿಗೆ ತೋಡಿ ಕೇಳಿಸುವುದಿಲ್ಲ. ಇವೇ ಸ್ವರಸ್ಥಾನಗಳು ಹಿಂದೂಸ್ತಾನಿಯ ಭೈರವಿಗೂ ಇವೆ; ಬರೆದ ಸಾಲು ಎರಡಕ್ಕೂ ಒಂದೇ ಆಗುತ್ತದೆ. ತೋಡಿಯನ್ನು ತೋಡಿಯಾಗಿಸುವುದು ಸಾಧಾರಣ ಗಾಂಧಾರದ ಮೇಲೆ ನಿಲ್ಲದೆ ಸುತ್ತಲಿನ ಸ್ವರಗಳಿಗೆ ಹೋಗಿಬರುವ ಕಂಪಿತ. ಕಾಗದದ ಮೇಲಿನ ಸ್ವರಲಿಪಿಯೂ ಇದನ್ನು ಬರೆಯುವುದಿಲ್ಲ ಎಂಬುದು ನಿಜ. ಆದರೆ ಅದನ್ನು ಓದುವವರು ಗುರುವಿನಿಂದ ಕೇಳಿ ಕಲಿತಿರುತ್ತಾರೆ, ಲಿಪಿಯಲ್ಲಿ ಇಲ್ಲದ್ದನ್ನು ತುಂಬಿಕೊಂಡು ಹಾಡುತ್ತಾರೆ. ಗಣಕ ಬರೆದದ್ದನ್ನು ಮಾತ್ರ ನುಡಿಸುತ್ತದೆ.

ಗಮಕ ಬೇಕಾದವರು ಸೌಂಡ್ ಆದೇಶದ ಒಂದು ವಿಶೇಷವನ್ನು ಬಳಸಿಕೊಳ್ಳಬಹುದು. ಸೊನ್ನೆಯಲ್ಲದೆ ಮಿಡಿತದ 0.022 ಭಾಗಕ್ಕಿಂತ ಕಡಿಮೆಯ ಅವಧಿಯನ್ನು ಕೊಟ್ಟರೆ ಆ ಧ್ವನಿ ಮುಂದಿನ ಸೌಂಡ್ ಅಥವಾ ಪ್ಲೇ ಆದೇಶದವರೆಗೆ ನಿಲ್ಲದೆ ನುಡಿಯುತ್ತದೆ. ಆವರ್ತಿಸುವ ಲೂಪಿನೊಳಗೆ ಕಂಪನಸಂಖ್ಯೆಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಇಳಿಸಿದರೆ ಜಾರು ಮತ್ತು ಕಂಪಿತಗಳ ಹೋಲಿಕೆ ಬರುತ್ತದೆ. ವೇಗವನ್ನು ತಗ್ಗಿಸಲು ನಡುವೆ ಏನೂ ಮಾಡದೆ ಸುಮ್ಮನೆ ಎಣಿಸುವ ಇನ್ನೊಂದು ಲೂಪನ್ನು ಇಡುತ್ತಾರೆ.

ತೊಂದರೆ ಇರುವುದು ಈ ಎಣಿಸುವ ಲೂಪಿನಲ್ಲಿಯೇ. ಅದು ಗಡಿಯಾರವನ್ನು ನೋಡುವುದಿಲ್ಲ. ಸಂಸ್ಕಾರಕ ಎಷ್ಟು ಬೇಗ ಎಣಿಸುತ್ತದೆಯೋ ಅಷ್ಟು ಬೇಗ ಮುಗಿಯುತ್ತದೆ. 4.77 ಮೆಗಾಹರ್ಟ್ಸ್‌ನ ಪಿಸಿಯಲ್ಲಿ ಹದವಾಗಿದ್ದ ಕಂಪಿತ 1984ರಲ್ಲಿ ಬಂದ, 80286 ಸಂಸ್ಕಾರಕದ ಪಿಸಿ ಎಟಿಯಲ್ಲಿ ಅವಸರದ ನಡುಕವಾಗುತ್ತದೆ. ಇನ್ನೂ ವೇಗದ ಗಣಕದಲ್ಲಿ ಸ್ವರಗಳು ಬೆರೆತು ಕರ್ಕಶ ಸದ್ದಾಗಿಬಿಡುತ್ತವೆ. ಪ್ಲೇ ಆದೇಶದಲ್ಲಿ ಬರೆದ ಸರಳೆ ವರಸೆಯಾದರೋ ಟಿ ಸಂಖ್ಯೆಗೆ ಬದ್ಧವಾಗಿರುವುದರಿಂದ ಎಲ್ಲ ಗಣಕಗಳಲ್ಲೂ ಒಂದೇ ಲಯದಲ್ಲಿ ನಡೆಯುತ್ತದೆ.

ಇದೇ ಕಾಲದ ಬಿಬಿಸಿ ಮೈಕ್ರೋ ಗಣಕದ ಬೇಸಿಕ್ ಈ ವಿಷಯದಲ್ಲಿ ಮುಂದಿತ್ತು. 1984ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯಡಿ ಭಾರತದ ಶಾಲೆಗಳಿಗೆ ಬಂದದ್ದು ಇದೇ ಗಣಕ. ಅದರ ಸೌಂಡ್ ಆದೇಶದಲ್ಲಿ ಒಂದು ಸ್ಥಾಯಿಗೆ 48 ಮೆಟ್ಟಿಲುಗಳಿದ್ದವು, ಅಂದರೆ ಅರ್ಧ ಸ್ವರದ ಕಾಲು ಭಾಗದಷ್ಟು ಸೂಕ್ಷ್ಮ. ಎನ್ವಲಪ್ ಎಂಬ ಜೊತೆಯ ಆದೇಶಕ್ಕೆ 14 ಸಂಖ್ಯೆಗಳನ್ನು ಕೊಟ್ಟರೆ ಸ್ವರ ನುಡಿಯುತ್ತಿರುವಾಗಲೇ ಅದು ಏರಿಳಿಯುವಂತೆ ಮಾಡಬಹುದಿತ್ತು. ಏರಿಳಿತವನ್ನು ಸೆಕೆಂಡಿನ ನೂರನೆಯ ಒಂದು ಭಾಗದ ಲೆಕ್ಕದಲ್ಲಿ ಗಣಕವೇ ನಡೆಸುತ್ತಿದ್ದುದರಿಂದ ಎಣಿಸುವ ಲೂಪಿನ ಅಗತ್ಯವಿರಲಿಲ್ಲ. ಒಂದೇ ಅಳತೆಯಲ್ಲಿ ಮರುಕಳಿಸುವ ಅಂಥ ಕಂಪನ ನಿಜವಾದ ಗಮಕವಲ್ಲದಿದ್ದರೂ, ನಿಂತ ಸ್ವರಕ್ಕಿಂತ ಅದರ ಹತ್ತಿರ ಬರುತ್ತದೆ.

ಇಂದಿನ ಗಣಕಗಳಲ್ಲಿ

ಜಿಡಬ್ಲ್ಯು-ಬೇಸಿಕ್ 16 ಬಿಟ್‌ನ ತಂತ್ರಾಂಶವಾದ್ದರಿಂದ 64 ಬಿಟ್‌ನ ವಿಂಡೋಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. 2020ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಇದರ 1983ರ ಅಸೆಂಬ್ಲಿ ಭಾಷೆಯ ಮೂಲ ಸಂಕೇತವನ್ನು ಎಂಐಟಿ ಪರವಾನಗಿಯಡಿ ಬಹಿರಂಗಪಡಿಸಿತು. ಆದರೆ ಬೇರೆ ಬೇರೆ ತಯಾರಕರು ತಮ್ಮ ಯಂತ್ರಾಂಶಕ್ಕೆ ತಕ್ಕಂತೆ ಬರೆದುಕೊಳ್ಳುತ್ತಿದ್ದ ಭಾಗಗಳು ಅದರಲ್ಲಿಲ್ಲ.

ಹಳೆಯ ಪ್ರೋಗ್ರಾಮುಗಳನ್ನು ಕೇಳಬಯಸುವವರಿಗೆ ಎರಡು ದಾರಿಗಳಿವೆ. ಪಿಸಿ-ಬೇಸಿಕ್ ಎಂಬ ಮುಕ್ತ ತಂತ್ರಾಂಶ ಜಿಡಬ್ಲ್ಯು-ಬೇಸಿಕ್‌ನ ವರ್ತನೆಯನ್ನು ಹೊಸದಾಗಿ ಬರೆದ ಅನುಕರಣ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಡಾಸ್‌ಬಾಕ್ಸ್ ಎಂಬುದು ಹಳೆಯ ಪಿಸಿಯನ್ನೇ ಸ್ಪೀಕರಿನ ಸಮೇತ ಅನುಕರಿಸುತ್ತದೆ, ಆದರೆ ಬೇಸಿಕ್ ತಂತ್ರಾಂಶವನ್ನು ಬೇರೆಯಾಗಿ ಒದಗಿಸಿಕೊಳ್ಳಬೇಕು. ಎಣಿಸುವ ಲೂಪುಗಳಿಂದ ಗಮಕ ಮಾಡಿದ ಪ್ರೋಗ್ರಾಮುಗಳಿಗೆ ಈ ಎರಡನೆಯದೇ ಹೆಚ್ಚು ಸೂಕ್ತ. ಅದರ 'ಸೈಕಲ್ಸ್' ಎಂಬ ಸಂಖ್ಯೆಯನ್ನು ತಗ್ಗಿಸುತ್ತಾ ಹೋಗಿ, ಮೂಲ ಯಂತ್ರದ ವೇಗವನ್ನು ಕಿವಿಯಿಂದಲೇ ಅಂದಾಜು ಮಾಡಬೇಕಾಗುತ್ತದೆ. ಯಾವ ಗಣಕದಲ್ಲಿ ಬರೆದದ್ದೆಂದು ಪ್ರೋಗ್ರಾಮಿನ ಆರಂಭದಲ್ಲಿ ಟಿಪ್ಪಣಿ ಇದ್ದರೆ ಕೆಲಸ ಹಗುರವಾಗುತ್ತದೆ.

ಜಿಡಬ್ಲ್ಯು-ಬೇಸಿಕ್ ತನ್ನ ಕಡತಗಳನ್ನು ಸಾಮಾನ್ಯವಾಗಿ ಸಂಕ್ಷಿಪ್ತ ಸಂಕೇತರೂಪದಲ್ಲಿ ಉಳಿಸುತ್ತದೆ. ಉಳಿಸುವಾಗ ಅಲ್ಪವಿರಾಮ ಹಾಕಿ ಎ ಅಕ್ಷರ ಸೇರಿಸಿದ್ದರೆ ಮಾತ್ರ ಕಡತವು ಯಾವುದೇ ಸಂಪಾದಕ ತಂತ್ರಾಂಶದಲ್ಲಿ ಓದಬಹುದಾದ ಸಾಮಾನ್ಯ ಪಠ್ಯವಾಗಿರುತ್ತದೆ. ಸಂಕೇತರೂಪದ ಕಡತದಲ್ಲಿಯೂ ಉದ್ಧರಣ ಚಿಹ್ನೆಗಳ ಒಳಗಿನ ಅಕ್ಷರಗಳು ಬದಲಾಗುವುದಿಲ್ಲ. ಆದ್ದರಿಂದ ಹಳೆಯ ಫ್ಲಾಪಿಯಿಂದ ಹೊರತೆಗೆದ ಕಡತವನ್ನು ನಡೆಸಲು ಆಗದಿದ್ದರೂ ಅದರ ನಡುವೆ ಪ್ಲೇ ಆದೇಶದ ಸ್ವರಸಾಲುಗಳು ಹಾಗೆಯೇ ಕಾಣುತ್ತವೆ, ಕೈಯಿಂದ ನಕಲು ಮಾಡಿಕೊಳ್ಳಬಹುದು. ಉಳಿಸುವಾಗ ಪಿ ಅಕ್ಷರ ಸೇರಿಸಿ ಮುಚ್ಚಿಟ್ಟ ಕಡತಗಳಲ್ಲಿ ಮಾತ್ರ ಸ್ವರಗಳೂ ಗೂಢಲಿಪಿಯಾಗಿರುತ್ತವೆ.